28 ಅಡಿ ಮನೆಯ ನಾಲ್ವರು

ಹೊರಡುವ ದಿನ ಬೆಳಿಗ್ಗೆ ಮೊದಲು ಹಿಡಿಯಬೇಕಾದದ್ದು ಬೆಕ್ಕನ್ನು. ನೀರಿನ ಪೈಪು ಕಳಚುವ ಸದ್ದೋ, ಟ್ರೇಲರ್ ಅಲುಗದಿರಲೆಂದು ಊರಿದ ಜಾಕುಗಳನ್ನು ಎತ್ತುವ ಗರಗರವೋ ಕಿವಿಗೆ ಬಿತ್ತೆಂದರೆ ಪೆಪ್ಪರ್ ಮಂಚದ ಕೆಳಗಿನ ಸಾಮಾನಿನ ಗೂಡಿಗೆ ನುಗ್ಗಿ, ಯಾರ ಕೈಗೂ ಎಟುಕದ ಮೂಲೆ ಸೇರಿಬಿಡುತ್ತಿತ್ತು. ಅದಕ್ಕೇ ಮನೆಯಾಕೆ ಕಾಫಿಗೆ ನೀರಿಡುವ ಮೊದಲೇ ಬಟ್ಟಲಿಗೆ ಒಂದಿಷ್ಟು ಟ್ಯೂನಾ ಮೀನು ಹಾಕಿ, ಪಂಜರದೊಳಗೆ ಇಟ್ಟು, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಪುಸ್ತಕ ಹಿಡಿದು ಕೂರುತ್ತಿದ್ದರು. ಪಂಜರದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಮೇಷ್ಟ್ರು ಹೊರಗಿನ ಕೆಲಸಕ್ಕೆ ಕೈಹಾಕುವುದು. ಹ್ಯಾಂಕ್ ಮಾತ್ರ ಅಷ್ಟು ಹೊತ್ತಿಗಾಗಲೇ ಪಿಕಪ್ ಟ್ರಕ್ಕಿನ ಬಾಗಿಲ ಬಳಿ ಬಾಲ ಆಡಿಸುತ್ತ ನಿಂತಿರುತ್ತಿತ್ತು. ಲ್ಯಾಬ್ರಡಾರ್ ತಾಯಿಗೆ ಯಾವುದೋ ಬೇಟೆನಾಯಿಯಿಂದ ಹುಟ್ಟಿದ ಆ ದೊಡ್ಡ ಕಂದು ನಾಯಿಗೆ ಪ್ರಯಾಣವೆಂದರೆ ಪ್ರಾಣ.

ಮೇಷ್ಟ್ರು ಅಮೆರಿಕದ ಒಹಾಯೊ ರಾಜ್ಯದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಮರಗೆಲಸ, ಲೋಹಗೆಲಸ ಕಲಿಸಿ ನಿವೃತ್ತರಾದವರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 2012ರ ವಸಂತದಲ್ಲಿ ಇಬ್ಬರೂ ಮನೆ ಮಾರಿದರು. ಸಾಮಾನುಗಳಲ್ಲಿ ಹೆಚ್ಚಿನದನ್ನು ಅಂಗಳದಲ್ಲೇ ಹರಡಿ ಬಂದ ಬೆಲೆಗೆ ಕೊಟ್ಟರು. ಉಳಿದದ್ದನ್ನು 28 ಅಡಿ ಉದ್ದದ ಟ್ರೇಲರ್‌ಗೆ ತುಂಬಿಕೊಂಡು ಹೊರಟರು. ಈ ವಯಸ್ಸಿನಲ್ಲಿ ಊರು ಸುತ್ತುವ ಚಪಲಕ್ಕೆ ನೆಲೆ ಕಳಕೊಂಡರು ಎಂದು ನೆಂಟರು ಮರುಗಿದರು. ಆ ವರ್ಷಗಳನ್ನು ದಂಪತಿ ಈಗ ನೆನೆಯುವ ಬಗೆಯೇ ಬೇರೆ. ಅವರ ಪ್ರಕಾರ ಟ್ರೇಲರ್ ಕೊಂಡದ್ದು ಪೆಪ್ಪರ್‌ಗಾಗಿ.

ನಿವೃತ್ತಿಯಾದ ಹೊಸತರಲ್ಲಿ ಮಕ್ಕಳನ್ನು ನೋಡಲು ಹೊರಟಾಗಲೇ ತೊಡಕು ಶುರುವಾಗಿತ್ತು. ಮಗಳು ಪೆಸಿಫಿಕ್ ತೀರದ ಒರೆಗಾನ್‌ನಲ್ಲಿ, ಮಗ ಅಟ್ಲಾಂಟಿಕ್ ತೀರದ ಮೇಯ್ನ್‌ನಲ್ಲಿ. ಹ್ಯಾಂಕ್‌ನಂಥ ದೊಡ್ಡ ನಾಯಿ ವಿಮಾನದಲ್ಲಿ ಹೋಗಬೇಕೆಂದರೆ ಸರಕಿನ ಜಾಗದಲ್ಲೇ ಹೋಗಬೇಕು. ಅದಕ್ಕೆ ಇಬ್ಬರಿಗೂ ಮನಸ್ಸು ಬರಲಿಲ್ಲ. ಕಾರಿನಲ್ಲಿ ಹೊರಟರೆ ರಾತ್ರಿ ತಂಗುವುದೇ ಕಷ್ಟ. ಒಂದು ಮೋಟೆಲ್‌ನಲ್ಲಿ ನಾಯಿ ಬೇಡ, ಇನ್ನೊಂದರಲ್ಲಿ ನಾಯಿಯಾದರೆ ಸರಿ ಬೆಕ್ಕು ಬೇಡ, ಮತ್ತೊಂದರಲ್ಲಿ ಎರಡಕ್ಕೂ ಬೇರೆ ಬೇರೆ ಶುಲ್ಕ. ದಿನ ಬೆಳಗಾದರೆ ಬದಲಾಗುವ ಕೋಣೆ, ಬದಲಾಗುವ ವಾಸನೆ ತಾಳಲಾರದೆ ಪೆಪ್ಪರ್ ಊಟ ಬಿಟ್ಟಿತು. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ನರ್ಸ್ ಆಗಿದ್ದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರು ಬದಲಾದರೂ ಮಲಗುವ ಜಾಗ ಬದಲಾಗಬಾರದು ಎಂಬ ಲೆಕ್ಕಾಚಾರ ಅಲ್ಲಿ ಹುಟ್ಟಿತು. ಅದೇ ಹಾಸಿಗೆ, ಅದೇ ಕಿಟಕಿ, ಅದೇ ಕಂಬಳಿಯ ಮೇಲೆ ಅದೇ ಕೂದಲು. ಟ್ರೇಲರ್‌ಗೆ ಬಂದ ವಾರದೊಳಗೆ ಪೆಪ್ಪರ್ ಸರಿಯಾಗಿ ತಿನ್ನತೊಡಗಿತು.

ಮೇಷ್ಟ್ರ ಮರಗೆಲಸ ಇಲ್ಲಿ ಕೈಹಿಡಿಯಿತು. ಊಟದ ಮೇಜಿನ ಬೆಂಚಿಗೆ ಬೆಕ್ಕು ನುಸುಳುವಷ್ಟು ಕಿಂಡಿ ಕೊರೆದು, ಒಳಗೆ ಅದರ ಮರಳಿನ ತಟ್ಟೆ ಇಟ್ಟರು. ಹಿಂದಿನ ಕಿಟಕಿಗೆ ಒಂದು ಹಲಗೆ ಹೊಡೆದರು; ಅದು ಪೆಪ್ಪರ್‌ನ ಖಾಯಂ ಆಸನವಾಯಿತು. ಓಡುವಾಗ ಮಾತ್ರ ಟ್ರೇಲರ್‌ನೊಳಗೆ ಯಾರೂ ಇರುವಂತಿಲ್ಲ. ಅನೇಕ ರಾಜ್ಯಗಳಲ್ಲಿ ಅದು ಕಾನೂನಿಗೆ ವಿರುದ್ಧ. ಜೊತೆಗೆ, ಕಪಾಟಿನ ಬಾಗಿಲು ತೆರೆದು ಪಾತ್ರೆ ಉದುರುವಷ್ಟು ಒಳಗೆಲ್ಲ ಕುಲುಕಾಟ. ಹಾಗಾಗಿ ನಾಲ್ವರೂ ಪಿಕಪ್ಪಿನ ಕ್ಯಾಬಿನ್‌ನಲ್ಲೇ. ಮುಂದೆ ಇಬ್ಬರು, ಹಿಂದೆ ಬೆಲ್ಟು ಕಟ್ಟಿಸಿಕೊಂಡ ಹ್ಯಾಂಕ್, ಅದರ ಪಕ್ಕ ಪಂಜರದೊಳಗೆ ಬೆನ್ನು ತಿರುಗಿಸಿ ಕುಳಿತ ಪೆಪ್ಪರ್.

ಅಮೆರಿಕನ್ನರಿಗೆ ಈ ಬದುಕು ಹೊಸದಲ್ಲ. 1919ರಲ್ಲೇ ಫ್ಲೋರಿಡಾದ ಟ್ಯಾಂಪಾ ನಗರದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಹುಟ್ಟಿತು. ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಅದರ ಸದಸ್ಯರ ಗುರುತು. ಡೆಟ್ರಾಯಿಟ್‌ನ ಬ್ಯಾಕ್ಟೀರಿಯಾ ವಿಜ್ಞಾನಿ ಆರ್ಥರ್ ಶೆರ್ಮನ್, ಮಳೆಯಲ್ಲಿ ಟೆಂಟ್ ಬಿಚ್ಚಲು ಹೆಣಗಿ ಬೇಸತ್ತು, ಗಟ್ಟಿ ಗೋಡೆಯ ಟ್ರೇಲರ್ ಮಾಡಿಸಿದ. 1930ರ ದಶಕದಲ್ಲಿ ಅದು ದೊಡ್ಡ ಉದ್ಯಮವಾಗಿ ಬೆಳೆಯಿತು. ಇಪ್ಪತ್ತು ವರ್ಷದೊಳಗೆ ಅರ್ಧ ಅಮೆರಿಕ ಟ್ರೇಲರ್‌ನಲ್ಲಿ ವಾಸಿಸುತ್ತದೆ ಎಂದು ರೋಜರ್ ಬ್ಯಾಬ್ಸನ್ ಎಂಬ ಆರ್ಥಿಕ ವಿಶ್ಲೇಷಕ ಆಗ ಭವಿಷ್ಯ ನುಡಿದ. ಆತನ ಮಾತು ನಿಜವಾಗಲಿಲ್ಲ. ಆದರೆ ಇಡೀ ವರ್ಷ ಚಕ್ರದ ಮೇಲೇ ಬದುಕುವ ಒಂದು ಸಮುದಾಯ ಗಟ್ಟಿಯಾಗಿ ನಿಂತಿತು. ಅಂಥವರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ‘ಎಸ್ಕೇಪೀಸ್’ ಎಂಬ ಸಂಘ ಕಟ್ಟಿದರು. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ ಅದರ ಕೇಂದ್ರದಲ್ಲಿ ಸದಸ್ಯರ ಅಂಚೆ ಬಂದು ಸೇರುತ್ತದೆ. ಅವರು ಎಲ್ಲಿದ್ದಾರೋ ಅಲ್ಲಿಗೆ ಅಲ್ಲಿಂದ ಹೊರಡುತ್ತದೆ. ವಯಸ್ಸಾಗಿ ಓಡಿಸಲಾಗದವರು ತಮ್ಮದೇ ಗಾಡಿಯಲ್ಲಿ ಇದ್ದುಕೊಂಡು ಊಟ, ಆರೈಕೆ ಪಡೆಯುವ ವ್ಯವಸ್ಥೆಯೂ ಅಲ್ಲುಂಟು.

ನಾಯಿಯ ಜೊತೆ ದೇಶ ಸುತ್ತಿದವರಲ್ಲಿ ಹೆಸರಾದವನು ಜಾನ್ ಸ್ಟೈನ್‌ಬೆಕ್. 1960ರಲ್ಲಿ ಆತ ಪಿಕಪ್ ಟ್ರಕ್ಕಿನ ಮೇಲೆ ಪುಟ್ಟ ಮನೆ ಕೂರಿಸಿಕೊಂಡು, ಚಾರ್ಲಿ ಎಂಬ ಪೂಡ್ಲ್ ನಾಯಿಯೊಂದಿಗೆ ಹೊರಟ. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಮೇಷ್ಟ್ರ ಟ್ರೇಲರ್‌ನಲ್ಲಿದ್ದ ಕೆಲವೇ ಪುಸ್ತಕಗಳಲ್ಲಿ ಅದೂ ಒಂದು. ಚಾರ್ಲಿಗೆ ದಾರಿಯಲ್ಲಿ ಕಾಯಿಲೆಯಾದದ್ದು, ಟೆಕ್ಸಸ್‌ನ ಅಮರಿಲೊದಲ್ಲಿ ಒಬ್ಬ ಒಳ್ಳೆಯ ವೈದ್ಯ ಅದನ್ನು ಗುಣಪಡಿಸಿದ್ದು ಇರುವ ಪುಟಗಳನ್ನು ಮೇಷ್ಟ್ರ ಹೆಂಡತಿ ಮತ್ತೆ ಮತ್ತೆ ಓದುತ್ತಿದ್ದರು. ಗುರುತು ಪರಿಚಯವಿಲ್ಲದ ಊರಿನಲ್ಲಿ, ಮಾತು ಬಾರದ ಜೀವವನ್ನು ತೊಡೆಯ ಮೇಲಿಟ್ಟುಕೊಂಡು ವೈದ್ಯರನ್ನು ಹುಡುಕುವ ಸಂಕಟ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೊರಟ ಹೊಸತರಲ್ಲಿ ಮೇಷ್ಟ್ರ ಬಳಿ ದೊಡ್ಡ ಪಟ್ಟಿಯೊಂದಿತ್ತು. ಯೆಲ್ಲೋಸ್ಟೋನ್, ಗ್ರಾಂಡ್ ಕ್ಯಾನ್ಯನ್, ಝಯಾನ್ ಹೀಗೆ ನೋಡಲೇಬೇಕಾದ ರಾಷ್ಟ್ರೀಯ ಉದ್ಯಾನಗಳು. 62 ತುಂಬಿದವರಿಗೆ ಅಮೆರಿಕ ಸರ್ಕಾರ ಕೊಡುವ ಜೀವನಪೂರ್ತಿಯ ಪಾಸಿಗೆ ಆಗ ಬರೀ 10 ಡಾಲರ್. 2017ರ ಆಗಸ್ಟ್‌ನಲ್ಲಿ ಅದು 80 ಡಾಲರ್ ಆಯಿತು. ಕೇಂದ್ರ ಸರ್ಕಾರದ ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಆ ಪಾಸಿಗೆ ಬಾಡಿಗೆ ಅರ್ಧ. ಪಾಸು ಜೇಬಿನಲ್ಲಿತ್ತು, ಪಟ್ಟಿ ಕೈಯಲ್ಲಿತ್ತು. ಆದರೆ ಯೆಲ್ಲೋಸ್ಟೋನ್‌ನ ಬಾಗಿಲಲ್ಲೇ ಗೊತ್ತಾಯಿತು: ಕಾಲುದಾರಿಗಳ ಮೇಲಾಗಲಿ, ಬಿಸಿನೀರ ಬುಗ್ಗೆಗಳ ನಡುವಿನ ಹಲಗೆದಾರಿಯ ಮೇಲಾಗಲಿ ನಾಯಿ ಕಾಲಿಡುವಂತಿಲ್ಲ. ರಸ್ತೆ, ಪಾರ್ಕಿಂಗ್ ಜಾಗ, ಕ್ಯಾಂಪ್‌ಗ್ರೌಂಡ್‌ಗಳಿಂದ ನೂರು ಅಡಿಯೊಳಗೇ, ಅದೂ ಆರು ಅಡಿಯ ಹಗ್ಗದಲ್ಲೇ ಇರಬೇಕು. ನಿಯಮದ ಹಿಂದೆ ಕಾರಣವಿದೆ. 1981ರಲ್ಲಿ ಸೆಲೆಸ್ಟೈನ್ ಪೂಲ್ ಎಂಬ ಕುದಿಬುಗ್ಗೆಗೆ ನಾಯಿಯೊಂದು ಹಾರಿತು. ಅದನ್ನು ಎಳೆದುಕೊಳ್ಳಲು ಯುವಕನೊಬ್ಬ ಹಿಂದೆಯೇ ಧುಮುಕಿದ. ನೀರಿನ ಬಿಸಿ 94 ಡಿಗ್ರಿ ಸೆಲ್ಸಿಯಸ್. ನಾಯಿ ಉಳಿಯಲಿಲ್ಲ, ಯುವಕನೂ ಉಳಿಯಲಿಲ್ಲ.

ಅದನ್ನು ಕೇಳಿದ ಮೇಲೆ ಮೇಷ್ಟ್ರು ನಿಯಮದ ಬಗ್ಗೆ ಗೊಣಗಲಿಲ್ಲ. ಯೆಲ್ಲೋಸ್ಟೋನನ್ನು ಸರದಿಯ ಮೇಲೆ ನೋಡಿದರು. ಬೆಳಿಗ್ಗೆ ಒಬ್ಬರು ಬುಗ್ಗೆಗಳ ಕಡೆ, ಇನ್ನೊಬ್ಬರು ನಾಯಿಯ ಜೊತೆ ಕ್ಯಾಂಪಿನಲ್ಲಿ, ಮಧ್ಯಾಹ್ನ ಅದಲುಬದಲು. ಎರಡು ದಿನ ಹೀಗೆ ಕಳೆದ ಮೇಲೆ ಮೇಷ್ಟ್ರ ಹೆಂಡತಿ ಕೇಳಿದರು: “ಇಬ್ಬರೂ ಬೇರೆ ಬೇರೆಯಾಗಿ ನೋಡುವುದಕ್ಕೆ ಜೊತೆಯಲ್ಲಿ ಹೊರಟದ್ದು ಯಾಕೆ?”

ಆ ರಾತ್ರಿಯೇ ಪಟ್ಟಿ ಬದಲಾಯಿತು. ನಾಯಿಗೆ ಎಲ್ಲಿ ಜಾಗವಿದೆಯೋ ಅತ್ತ ಹೋಗುವುದೆಂದು ತೀರ್ಮಾನವಾಯಿತು. ರಾಷ್ಟ್ರೀಯ ಉದ್ಯಾನಗಳಿಗಿಂತ ರಾಷ್ಟ್ರೀಯ ಅರಣ್ಯಗಳಲ್ಲಿ ನಾಯಿಗೆ ಹೆಚ್ಚು ಸ್ವಾತಂತ್ರ್ಯ; ಅಲ್ಲಿನ ಕಾಲುದಾರಿಗಳಲ್ಲಿ ಹೆಚ್ಚಿನವು ಅದಕ್ಕೆ ತೆರೆದೇ ಇರುತ್ತವೆ. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನ ಬಿಳಿ ಜಿಪ್ಸಮ್ ದಿಬ್ಬಗಳ ಮೇಲೆ ಹಗ್ಗ ಕಟ್ಟಿದ ನಾಯಿ ಹೋಗಬಹುದು. ಮೇಯ್ನ್‌ನ ಅಕೇಡಿಯಾದಲ್ಲಿ ನೂರು ಮೈಲಿ ಕಾಲುದಾರಿ ನಾಯಿಗಳಿಗೆ ಮುಕ್ತ. ಜೊತೆಗೆ 1913ರಿಂದ 1940ರವರೆಗೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಕುದುರೆಗಾಡಿಗಳಿಗೆಂದು ಮಾಡಿಸಿದ, 45 ಮೈಲಿ ಉದ್ದದ ಜಲ್ಲಿ ರಸ್ತೆಗಳು. ಮಗನ ಮನೆಗೆ ಹೋದಾಗಲೆಲ್ಲ ಹ್ಯಾಂಕ್ ಆ ಕಲ್ಲುಸೇತುವೆಗಳ ಕೆಳಗಿನ ತೊರೆಗಳಲ್ಲಿ ಕಾಲು ನೆನೆಸದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ನಡೆಯ ವೇಗವನ್ನೂ ಪ್ರಾಣಿಗಳೇ ನಿಗದಿಮಾಡಿದವು. ಹೊಸಬರು ಸಾಮಾನ್ಯವಾಗಿ ದಿನಕ್ಕೆ ಎಂಟು ಹತ್ತು ಗಂಟೆ ಓಡಿಸಿ ಸುಸ್ತಾಗುತ್ತಾರೆ. ಮೂರೂವರೆ ಟನ್ ಎಳೆಯುವ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಅದೇ ಹೆಚ್ಚು. ಭಾರದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಬೀಳದಿದ್ದರೆ ಟ್ರೇಲರ್ ಹಾವಾಡಲು ಶುರುಮಾಡುತ್ತದೆ. ವಯೋಮಿಂಗ್‌ನ ಬಯಲುಗಾಳಿ ಅಡ್ಡ ಹೊಡೆದರೆ ಸ್ಟೀರಿಂಗ್ ಹಿಡಿದ ಕೈ ಸಂಜೆಯವರೆಗೂ ನಡುಗುತ್ತದೆ. ಹ್ಯಾಂಕ್‌ಗೆ ಎರಡು ಗಂಟೆಗೊಮ್ಮೆ ಇಳಿಯಬೇಕು. ಪೆಪ್ಪರ್ ನಾಲ್ಕು ಗಂಟೆ ದಾಟಿದರೆ ಎಡೆಬಿಡದೆ ಕೂಗುತ್ತದೆ. ಹಾಗಾಗಿ ಮಧ್ಯಾಹ್ನ ಮೂರರೊಳಗೆ ಗಾಡಿ ಎಲ್ಲಾದರೂ ನಿಲ್ಲಲೇಬೇಕಿತ್ತು. ಬೆಳಕಿರುವಾಗಲೇ ತಲುಪಿದ್ದರಿಂದ ಅಕ್ಕಪಕ್ಕದವರು ಕಣ್ಣಿಗೆ ಬಿದ್ದರು, ಅವರೊಡನೆ ಮಾತಾಡಲು ಸಮಯ ಸಿಕ್ಕಿತು.

ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜನರ ಹೆಸರು ಬೇಗ ಮರೆತುಹೋಗುತ್ತದೆ, ನಾಯಿಯ ಹೆಸರು ನೆನಪಿರುತ್ತದೆ. ಮೇಷ್ಟ್ರ ಹೆಂಡತಿಯ ಪುಟ್ಟ ನೋಟ್‌ಬುಕ್ಕಿನಲ್ಲಿ ಫೋನ್ ನಂಬರುಗಳ ಮುಂದೆ ಇರುವುದೂ ಹೀಗೇ: ಮೂರು ಕಾಲಿನ ಬಸ್ಟರ್‌ನವರು, ಗಿಣಿ ಸಾಕಿದವರು, ಎರಡು ಡ್ಯಾಷ್‌ಹೂಂಡ್‌ಗಳ ವಿಧವೆ ಅಜ್ಜಿ. ಹ್ಯಾಂಕ್ ಬೆಳಿಗ್ಗೆ ಸಂಜೆ ಎಳೆದುಕೊಂಡು ಹೋದ ಕಡೆಯೆಲ್ಲ ಗೆಳೆತನ ಬೆಳೆಯಿತು. ಮೇಷ್ಟ್ರು ಮೊದಲಿನಿಂದಲೂ ಸಂಕೋಚದ ಮನುಷ್ಯ. ಒಹಾಯೊದಲ್ಲಿ ಬೀದಿಯ ಆಚೆ ಮನೆಯವರೊಂದಿಗೂ ಅವರಿಗೆ ಅಷ್ಟು ಬಳಕೆಯಿರಲಿಲ್ಲ. ನಾಯಿಯ ಹಗ್ಗ ಕೈಯಲ್ಲಿದ್ದಾಗ ಮಾತ್ರ ಅವರ ಬಾಯಿಂದ ಮಾತು ಸಲೀಸಾಗಿ ಬರುತ್ತಿತ್ತು.

ಆ ಹಗ್ಗದಿಂದ ಇನ್ನೊಂದು ಉಪಕಾರವೂ ಆಯಿತು. 28 ಅಡಿಯ ಮನೆಯಲ್ಲಿ ಜಗಳವಾದರೆ ಎದ್ದುಹೋಗಲು ಬೇರೆ ಕೋಣೆಯಿಲ್ಲ. ಮಳೆ ಹಿಡಿದ ವಾರಗಳಲ್ಲಿ ಒಬ್ಬರ ಉಸಿರೂ ಇನ್ನೊಬ್ಬರಿಗೆ ಭಾರವೆನಿಸಿದ್ದುಂಟು. ಆಗ ಯಾರು ಮೊದಲು ಹಗ್ಗ ತೆಗೆದುಕೊಂಡರೋ ಅವರು ಹೊರಗೆ. ಮುಕ್ಕಾಲು ಗಂಟೆಯ ನಂತರ ಒದ್ದೆ ನಾಯಿಯೊಂದಿಗೆ ವಾಪಸಾದರೆ, ಬಾಗಿಲಲ್ಲೇ ಟವೆಲ್ ಹಿಡಿದು ಇನ್ನೊಬ್ಬರು ನಿಂತಿರುತ್ತಿದ್ದರು. ನಾಯಿಯ ಮೈ ಒರೆಸಲು ನಾಲ್ಕು ಕೈ ಬೇಕಾಗುತ್ತಿತ್ತು.

ಟ್ರೇಲರ್ ನೆರಳಲ್ಲಿ ನಿಂತಿದ್ದರೂ ಸೆಕೆ ಅದರೊಳಗಿನ ಪ್ರಾಣಿಗಳಿಗೆ ದೊಡ್ಡ ಶತ್ರು. ಹೊರಗೆ ಹಿತವಾದ 21 ಡಿಗ್ರಿ ಇದ್ದಾಗಲೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 32, ಅರ್ಧ ಗಂಟೆಗೆ 40 ಡಿಗ್ರಿ ಆಗುತ್ತದೆಂದು ಅಲ್ಲಿನ ಪಶುವೈದ್ಯರು ಎಚ್ಚರಿಸುತ್ತಾರೆ. ನಾಯಿಗೆ ಮನುಷ್ಯರಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ತೇಕುತ್ತಲೇ ಮೈ ತಣಿಸಿಕೊಳ್ಳಬೇಕು. ಆದ್ದರಿಂದ ದಂಪತಿ ಒಳಗಿನ ಬಿಸಿ ಹೆಚ್ಚಾದರೆ ಮೊಬೈಲಿಗೆ ಸಂದೇಶ ಕಳಿಸುವ ಪುಟ್ಟ ಯಂತ್ರವೊಂದನ್ನು ಗೋಡೆಗೆ ಅಂಟಿಸಿದ್ದರು. ಬಾಗಿಲಿಗೆ, ಒಳಗೆ ಒಂದು ನಾಯಿ, ಒಂದು ಬೆಕ್ಕು ಇವೆಯೆಂದು ಬರೆದು, ಕೆಳಗೆ ಫೋನ್ ನಂಬರು ಹಾಕಿದ್ದರು.

ಒಂದು ಜುಲೈ ತಿಂಗಳಲ್ಲಿ ಆ ಯಂತ್ರ ಕೆಲಸಕ್ಕೆ ಬಂತು. ದಂಪತಿ ದಿನಸಿ ತರಲು ಪೇಟೆಗೆ ಹೋಗಿದ್ದಾಗ ಕ್ಯಾಂಪಿನ ವಿದ್ಯುತ್ ಕಂಬದ 30 ಆಂಪಿಯರ್ ಬ್ರೇಕರ್ ಬಿದ್ದು ಏಸಿ ನಿಂತುಹೋಯಿತು. ಮೊಬೈಲ್ ಕಿರುಗುಟ್ಟಿದಾಗ ಅವರು ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಓಡಿದರು. ದಾರಿಯ ಉದ್ದಕ್ಕೂ ಮೇಷ್ಟ್ರ ಹೆಂಡತಿ ಪಕ್ಕದ ಟ್ರೇಲರ್‌ನ ಅಜ್ಜಿಗೆ ಫೋನ್ ಮಾಡುತ್ತಲೇ ಇದ್ದರು, ಆ ಕಡೆಯಿಂದ ಉತ್ತರವಿಲ್ಲ. ಬಂದು ನೋಡಿದರೆ ಅಜ್ಜಿ ತಮ್ಮ ಬಳಿಯಿದ್ದ ಬೀಗದ ಕೈಯಿಂದ ಬಾಗಿಲು ತೆರೆದು, ಹ್ಯಾಂಕನ್ನು ತಮ್ಮ ಟ್ರೇಲರ್‌ಗೆ ಕರೆದೊಯ್ದು, ಪೆಪ್ಪರ್‌ನ ಪಂಜರವನ್ನು ಫ್ಯಾನಿನ ಮುಂದೆ ಇಟ್ಟಿದ್ದರು. ಏಸಿಯ ಗುಂಯ್ ಶಬ್ದ ನಿಂತದ್ದು ಅವರ ಕಿವಿಗೆ ಬಿದ್ದಿತ್ತಂತೆ. ಎರಡು ಡ್ಯಾಷ್‌ಹೂಂಡ್ ಸಾಕಿದವರಿಗೆ ಆ ನಿಶ್ಶಬ್ದದ ಅರ್ಥ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅಂದಿನಿಂದ ಎಲ್ಲಿ ನಿಂತರೂ ಒಂದು ಬೀಗದ ಕೈ ಪಕ್ಕದವರ ಬಳಿ ಇರಬೇಕೆಂಬುದನ್ನು ದಂಪತಿ ತಪ್ಪಿಸಲಿಲ್ಲ.

ಚಳಿಗಾಲ ಬಂತೆಂದರೆ ಅವರ ದಾರಿ ಅರಿಜೋನಾದ ಕ್ವಾರ್ಟ್‌ಸೈಟ್ ಕಡೆಗೆ. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಆ ಮರುಭೂಮಿಯ ಊರು ಜನವರಿಯಲ್ಲಿ ದೊಡ್ಡ ಜಾತ್ರೆಯಾಗಿಬಿಡುತ್ತದೆ. ಹರಳುಕಲ್ಲಿನ ಸಂತೆ, ಹಳೆ ಸಾಮಾನಿನ ಸಾಲು, ಟ್ರೇಲರ್ ಪ್ರದರ್ಶನದ ಭಾರಿ ಡೇರೆ. ಊರ ಸುತ್ತಲಿನ ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಆಗ 180 ಡಾಲರ್ ಪರವಾನಗಿ. ನೀರು ತುಂಬಿಕೊಳ್ಳಲು, ಕೊಳೆನೀರು ಖಾಲಿ ಮಾಡಲು ಒಂದು ಕಡೆ ವ್ಯವಸ್ಥೆ. ಇಂಥ ದೀರ್ಘವಾಸದ ಜಾಗಗಳನ್ನು ಬಿಟ್ಟರೆ ಸರ್ಕಾರಿ ಬಯಲಿನಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಮಾತ್ರ, ಆಮೇಲೆ ಜಾಗ ಬಿಡಬೇಕು. ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ, ತುದಿಯಲ್ಲಿ ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಗೆಂದು ಒಂಟೆ ತರಿಸಿದಾಗ ಅವುಗಳ ಜೊತೆ ಒಟ್ಟೊಮನ್ ಸಾಮ್ರಾಜ್ಯದಿಂದ ಬಂದ ಹಾಜಿ ಅಲಿಯ ಸಮಾಧಿ ಅದು. ಅಲ್ಲಿಯ ಜನರ ಬಾಯಲ್ಲಿ ಆತ ‘ಹಾಯ್ ಜಾಲಿ’ ಆದ. ಒಂಟೆಗಳ ಯೋಜನೆ ಕೈಬಿಟ್ಟರೂ ಆತ ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಪ್ರಾಣಿಗಳೊಂದಿಗೆ ದೂರದಿಂದ ಬಂದವನ ಆ ಸಮಾಧಿಗೆ ಮೇಷ್ಟ್ರು ಪ್ರತಿ ಚಳಿಗಾಲವೂ ಹೋಗಿಬರುತ್ತಿದ್ದರು.

ಮರುಭೂಮಿ ನಾಯಿಗೆ ಸುಲಭದ ಜಾಗವಲ್ಲ. ಚೋಯಾ ಎಂಬ ಕಳ್ಳಿಯ ತುಂಡುಗಳು ತಾಗಿದ ಕೂಡಲೇ ಪಾದಕ್ಕೆ ಕಚ್ಚಿಕೊಳ್ಳುತ್ತವೆ. ನಾಯಿ ಬಾಯಿಂದ ಕೀಳಲು ಹೋದರೆ ಮುಳ್ಳು ನಾಲಿಗೆಗೂ ಸೇರುತ್ತದೆ. ಅದಕ್ಕೇ ಅಲ್ಲಿ ನಾಯಿ ಸಾಕಿದವರ ಜೇಬಿನಲ್ಲಿ ಬಾಚಣಿಗೆ ಇರುತ್ತದೆ. ಮುಳ್ಳಿನ ಉಂಡೆಯನ್ನು ಅದರಿಂದ ಒಂದೇ ಏಟಿಗೆ ಹಾರಿಸಬೇಕು. ಕಣ್ಣಿಗೆ ಕಾಣದ ಅಪಾಯ ಮಣ್ಣಿನಲ್ಲಿದೆ. ಅರಿಜೋನಾದ ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಧೂಳಿನ ಜೊತೆ ಶ್ವಾಸಕೋಶ ಸೇರಿ ‘ವ್ಯಾಲಿ ಫೀವರ್’ ಬರಿಸುತ್ತದೆ. ನೆಲ ಮೂಸುವ, ಗುಂಡಿ ತೋಡುವ ನಾಯಿಗಳಿಗೆ ಅದು ಅಂಟುವ ಸಂಭವ ಹೆಚ್ಚು.

ಹ್ಯಾಂಕ್‌ಗೆ ಅದು ಬಂದದ್ದು ಗೊತ್ತಾದದ್ದು ಸಾವಿರಕ್ಕೂ ಹೆಚ್ಚು ಮೈಲಿ ಆಚೆ, ಮಿನೆಸೋಟಾದಲ್ಲಿ. ಮಿನೆಸೋಟಾ ಮತ್ತು ನಾರ್ತ್ ಡಕೋಟಾ ನಡುವಿನ ರೆಡ್ ರಿವರ್ ಕಣಿವೆಯಲ್ಲಿ ಅಕ್ಟೋಬರ್ ಬಂತೆಂದರೆ ಸಕ್ಕರೆ ಬೀಟ್ ಕೀಳುವ ಹಂಗಾಮು. ಹಗಲಿರುಳೂ ಕೆಲಸ, ಹನ್ನೆರಡು ಗಂಟೆಯ ಪಾಳಿ. ಟ್ರೇಲರ್‌ಗಳಲ್ಲಿ ಬದುಕುವ ಎಷ್ಟೋ ಮಂದಿ ಆ ಕೆಲವು ವಾರ ದುಡಿದು ಚಳಿಗಾಲದ ಖರ್ಚಿಗೆ ಹಣ ಮಾಡಿಕೊಳ್ಳುತ್ತಾರೆ. ಮೇಷ್ಟ್ರು ದಂಪತಿ ಬೇಕೆಂದೇ ಬೇರೆ ಬೇರೆ ಪಾಳಿ ಕೇಳಿ ಪಡೆದರು, ಪ್ರಾಣಿಗಳ ಬಳಿ ಸದಾ ಒಬ್ಬರಿರಲೆಂದು. ಬೆಳಿಗ್ಗೆ ಮಣ್ಣು ಮೆತ್ತಿದ ಬೂಟಿನಲ್ಲಿ ಒಬ್ಬರು ಬರುವಾಗ ಇನ್ನೊಬ್ಬರು ಹೊರಡುತ್ತಿದ್ದರು. ಬಾಗಿಲಲ್ಲಿ ನಿಂತು ಹೇಳಿಕೊಳ್ಳುತ್ತಿದ್ದದ್ದೂ ಪ್ರಾಣಿಗಳ ಸುದ್ದಿಯೇ. ಇದು ತಿಂದಿತು, ಅದು ತಿನ್ನಲಿಲ್ಲ, ಇದು ಕೆಮ್ಮಿತು. ಹೀಗೆ ಎರಡು ಪಾಳಿಯ ವರದಿ ಕೂಡಿಸಿದಾಗಲೇ ಕೆಮ್ಮು ನಿಲ್ಲುತ್ತಿಲ್ಲ ಎಂಬುದು ಸ್ಪಷ್ಟವಾಯಿತು.

ಉತ್ತರದ ಆ ಊರಿನ ಪಶುವೈದ್ಯೆಗೆ ಅರಿಜೋನಾದ ಕಾಯಿಲೆ ತಟ್ಟನೆ ಹೊಳೆಯುವಂಥದ್ದಲ್ಲ. “ಚಳಿಗಾಲವೆಲ್ಲ ಅರಿಜೋನಾದಲ್ಲಿದ್ದೆವು, ಇವನು ಅಲ್ಲಿ ಗುಂಡಿ ತೋಡುತ್ತಿದ್ದ” ಎಂದು ಮೇಷ್ಟ್ರ ಹೆಂಡತಿ ತಾವೇ ಹೇಳಿದರು. ಜೊತೆಗೆ ತಾವು ಇಟ್ಟುಕೊಂಡಿದ್ದ ದಪ್ಪ ಫೈಲು ತೆರೆದರು. ಎಲ್ಲಿ ಯಾವ ಲಸಿಕೆ, ಯಾವ ತಿಂಗಳು ಯಾವ ಊರು, ಯಾವ ವೈದ್ಯರು ಏನು ಬರೆದುಕೊಟ್ಟರು ಎಲ್ಲವೂ ಅದರಲ್ಲಿತ್ತು. ಕೆನಡಾ ಗಡಿ ದಾಟಲು ಬೇಕಾಗುವ ರೇಬಿಸ್ ಪ್ರಮಾಣಪತ್ರವೂ ಅದರಲ್ಲೇ. ರಕ್ತ ಪರೀಕ್ಷೆಗೆ ಹೋಯಿತು, ಫಲಿತಾಂಶ ಬಂತು, ಹ್ಯಾಂಕ್ ತಿಂಗಳುಗಟ್ಟಲೆ ಫ್ಲುಕೊನಜೋಲ್ ಮಾತ್ರೆ ನುಂಗಿ ಗುಣವಾಯಿತು. ಮನುಷ್ಯರಿಬ್ಬರ ವಿಳಾಸ ಕಾಗದದ ಮೇಲೆ ಸೌತ್ ಡಕೋಟಾದಲ್ಲಿತ್ತು. ಒಂದು ರಾತ್ರಿ ತಂಗಿದ ರಸೀದಿ ತೋರಿಸಿ ಅಲ್ಲಿನ ನಿವಾಸಿಯಾಗಲು ಆ ರಾಜ್ಯ ಅವಕಾಶ ಕೊಟ್ಟಿತ್ತು. ಪ್ರಾಣಿಗಳಿಗೆ ಮಾತ್ರ ವಿಳಾಸವೆಂದರೆ ಆ ಫೈಲು.

ಅದೇ ಕಣಿವೆಯಿಂದ ಹೊರಡುವ ದಿನ ನಡೆದ ಒಂದು ಸಂಗತಿಯನ್ನು ಇಬ್ಬರೂ ಇಂದಿಗೂ ಮೈ ಬಿಗಿಹಿಡಿದೇ ಹೇಳುತ್ತಾರೆ. ಟ್ರೇಲರ್‌ನ ಒಂದು ಪಕ್ಕ ಮೋಟಾರಿನಿಂದ ಹೊರಕ್ಕೆ ಸರಿದು ಕೋಣೆಯನ್ನು ಅಗಲ ಮಾಡುತ್ತದೆ. ಅದಕ್ಕೆ ಸ್ಲೈಡ್‌ಔಟ್ ಎನ್ನುತ್ತಾರೆ. ಹೊರಡುವಾಗ ಗುಂಡಿ ಒತ್ತಿ ಒಳಕ್ಕೆ ಎಳೆದುಕೊಳ್ಳಬೇಕು. ಪಂಜರದ ಚಿಲಕ ಸರಿಯಾಗಿ ಕೂತಿರಲಿಲ್ಲ. ಪೆಪ್ಪರ್ ಸದ್ದಿಲ್ಲದೆ ಹೊರಬಂದು ಸ್ಲೈಡಿನ ಅಡಿಯ ಸಂದಿಗೆ ನುಸುಳಿತ್ತು. ಮೇಷ್ಟ್ರು ಗುಂಡಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಹ್ಯಾಂಕ್ ಸೋಫಾದ ಕಡೆ ಮೂತಿ ಚಾಚಿ ಬೊಗಳತೊಡಗಿತು. ಮನೆಯೊಳಗೆ ಎಂದೂ ಬೊಗಳದ ನಾಯಿ. ಮೇಷ್ಟ್ರು ಬೆರಳು ತೆಗೆದರು, ಬಗ್ಗಿ ಟಾರ್ಚ್ ಬಿಟ್ಟರು. ಎರಡು ಹಸಿರು ಕಣ್ಣು ಮಿನುಗಿದವು. ಆ ದಿನ ಅವರು ಪ್ರಯಾಣ ಹೊರಡಲಿಲ್ಲ. ಬಾಡಿಗೆ ಕಟ್ಟಿ ಇನ್ನೊಂದು ರಾತ್ರಿ ಅಲ್ಲೇ ಉಳಿದರು. ಮರುದಿನದಿಂದ ಗುಂಡಿ ಒತ್ತುವ ಮೊದಲು, ಎರಡೂ ಪ್ರಾಣಿಗಳನ್ನು ಕಣ್ಣಾರೆ ಕಂಡೆನೆಂದು ಒಬ್ಬರು ಇನ್ನೊಬ್ಬರಿಗೆ ಗಟ್ಟಿಯಾಗಿ ಕೂಗಿ ಹೇಳಬೇಕೆಂಬ ಕ್ರಮ ಬಂತು.

ಹ್ಯಾಂಕ್ ತೀರಿಕೊಂಡದ್ದು ಒರೆಗಾನ್‌ನ ಕಾಡಿನಲ್ಲಿ. ಬೇಸಿಗೆಯಲ್ಲಿ ದಂಪತಿ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ ಸ್ವಯಂಸೇವಕರಾಗಿರುತ್ತಿದ್ದರು. ಬಂದವರಿಗೆ ಜಾಗ ತೋರಿಸುವುದು, ಬೆಂಕಿಯ ಗುಂಡಿ ಶುಚಿ ಮಾಡುವುದು, ಅದಕ್ಕೆ ಪ್ರತಿಯಾಗಿ ಉಚಿತ ತಂಗುದಾಣ. ಹಿಂದಿನ ಕಾಲುಗಳು ಸೋತು ಏಳಲಾರದಾದ ನಾಯಿಯನ್ನು ಮೇಷ್ಟ್ರು ದಿನಕ್ಕೆ ಹಲವು ಸಲ ಹೊಟ್ಟೆಗೆ ಟವೆಲ್ ಕೊಟ್ಟು ಎತ್ತಿ ನಡೆಸುತ್ತಿದ್ದರು. ಕೊನೆಗೆ ಪಟ್ಟಣದ ಪಶುವೈದ್ಯರು ಒಂದು ಗಂಟೆ ಗಾಡಿ ಓಡಿಸಿಕೊಂಡು ಟ್ರೇಲರ್‌ಗೇ ಬಂದರು. ಹ್ಯಾಂಕ್ ತನ್ನ ಹಾಸಿಗೆಯಲ್ಲಿ, ತನ್ನವರ ಕೈಯಲ್ಲಿ ಕಣ್ಣು ಮುಚ್ಚಿತು. ಪೆಪ್ಪರ್ ಬಂದು ಅದರ ಮೂತಿ ಮೂಸಿ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿತು.

ಆಮೇಲೆ ಎದುರಾದ ಪ್ರಶ್ನೆಗೆ ಇಬ್ಬರೂ ಸಿದ್ಧರಿರಲಿಲ್ಲ. ಹೂಳುವುದೆಲ್ಲಿ? ಒಹಾಯೊ ಮನೆಯ ಹಿತ್ತಲಲ್ಲಿ ಅವರ ಹಿಂದಿನ ನಾಯಿಗಳಿಗೆಲ್ಲ ಜಾಗವಿತ್ತು. ಈಗ ಅದು ಬೇರೆಯವರ ಹಿತ್ತಲು. ದೇಶದ ಉದ್ದಗಲ ತಮ್ಮದೆಂಬಂತೆ ಓಡಾಡಿದವರಿಗೆ ಒಂದು ನಾಯಿಯನ್ನು ಮಲಗಿಸುವಷ್ಟು ಸ್ವಂತ ನೆಲ ಎಲ್ಲೂ ಇರಲಿಲ್ಲ. ಮನೆ ಮಾರಿದ್ದಕ್ಕೆ ಮೇಷ್ಟ್ರು ನೊಂದುಕೊಂಡದ್ದು ಆ ಒಂದು ದಿನ. ನಾಯಿಯನ್ನು ದಹನ ಮಾಡಿಸಿ, ಬೂದಿಯ ಪೆಟ್ಟಿಗೆಯನ್ನು ನಕ್ಷೆಗಳಿಡುವ ಗೂಡಿನಲ್ಲಿಟ್ಟುಕೊಂಡು, ಆ ಶರತ್ಕಾಲದಲ್ಲಿ ಖಂಡದ ಈ ತುದಿಯಿಂದ ಆ ತುದಿಗೆ ಗಾಡಿ ಓಡಿಸಿದರು. ಮೇಯ್ನ್‌ನಲ್ಲಿ ಮಗನ ಮನೆಯ ಸೇಬಿನ ಮರದ ಕೆಳಗೆ, ಮೊಮ್ಮಕ್ಕಳೇ ತೋಡಿದ ಗುಂಡಿಯಲ್ಲಿ ಬೂದಿ ಹಾಕಿದರು.

ಓಡಾಟ ನಿಂತದ್ದು ಪೆಪ್ಪರ್‌ನಿಂದ. ವಯಸ್ಸಾದ ಬೆಕ್ಕುಗಳಿಗೆ ಮೂತ್ರಪಿಂಡದ ಕಾಯಿಲೆ ಸಾಮಾನ್ಯ. ಚರ್ಮದಡಿಗೆ ಸಲೈನ್ ಕೊಡಬೇಕೆಂದು ವೈದ್ಯರು ಹೇಳಿದಾಗ ಮೇಷ್ಟ್ರ ಹೆಂಡತಿ ಹಿಂಜರಿಯಲಿಲ್ಲ. ಪರದೆಯ ಕೊಕ್ಕೆಗೆ ಬಾಟಲಿ ತೂಗುಹಾಕಿ, ಭುಜದ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚಿದರೆ ಪೆಪ್ಪರ್ ಅಲುಗಾಡದೆ ಕೂರುತ್ತಿತ್ತು. ಅದನ್ನು ಯಾವ ಊರಿನಲ್ಲಾದರೂ ಮಾಡಬಹುದು. ಆದರೆ ರಕ್ತ ಪರೀಕ್ಷೆ ಮತ್ತೆ ಮತ್ತೆ ಆಗಬೇಕು, ಹಿಂದಿನ ಫಲಿತಾಂಶ ಬಲ್ಲ ಒಬ್ಬರೇ ವೈದ್ಯರು ನೋಡಬೇಕು. ಫೈಲು ಎಷ್ಟೇ ದಪ್ಪವಿದ್ದರೂ ಅದಕ್ಕೆ ಸಾಲದು. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿ, ಬೇಸಿಗೆಯೂ ಅಷ್ಟು ಸುಡದ ಅರಿಜೋನಾದ ಪ್ರೆಸ್ಕಟ್‌ನಲ್ಲಿ, ಪಶು ಆಸ್ಪತ್ರೆಗೆ ಹತ್ತಿರದ ಒಂದು ಜಾಗವನ್ನು ವರ್ಷದ ಬಾಡಿಗೆಗೆ ಹಿಡಿದು ಟ್ರೇಲರ್ ನಿಲ್ಲಿಸಿದರು. ಸುಧಾರಿಸಿದರೆ ಮತ್ತೆ ಹೊರಡುವ ಮನಸ್ಸಿತ್ತು. ಪೆಪ್ಪರ್ ಸುಧಾರಿಸಲಿಲ್ಲ, ಆದರೆ ಸೋಲಲೂ ಇಲ್ಲ. ಸಲೈನಿನ ಬಲದಲ್ಲಿ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಕಾಲ ಕಿಟಕಿಯ ಹಲಗೆಯ ಮೇಲೆ ಕುಳಿತು ಹಕ್ಕಿ ನೋಡಿತು. ಅಷ್ಟರಲ್ಲಿ ದಂಪತಿಗೆ ಊರಿನ ಗ್ರಂಥಾಲಯ, ತರಕಾರಿ ಅಂಗಡಿ, ನೆರೆಹೊರೆ ಎಲ್ಲ ಹತ್ತಿರವಾಗಿದ್ದವು. ಈಗ ಅದೇ ಊರಿನಲ್ಲಿ ಅವರದೊಂದು ಪುಟ್ಟ ಮನೆಯಿದೆ. ಪೆಪ್ಪರ್ ಅದರ ಹಿತ್ತಲಲ್ಲೇ ಇದೆ.

ಮನೆಯ ನಡುಕೋಣೆಯಲ್ಲಿ ಅಮೆರಿಕದ ದೊಡ್ಡ ನಕ್ಷೆಯೊಂದು ತೂಗುತ್ತಿದೆ. ಬಂದವರು ಅದರ ಮುಂದೆ ನಿಂತು ಯಾವ ಜಾಗ ಚೆನ್ನಾಗಿತ್ತು ಎಂದು ಕೇಳಿದರೆ ಉತ್ತರ ಬರುವುದು ಪ್ರಾಣಿಗಳ ಲೆಕ್ಕದಲ್ಲೇ. ವೈಟ್ ಸ್ಯಾಂಡ್ಸ್ ಎಂದರೆ ಹ್ಯಾಂಕ್ ಬಿಳಿ ದಿಬ್ಬವನ್ನು ಹಿಮವೆಂದುಕೊಂಡು ನೆಕ್ಕಿದ ಜಾಗ. ಅಮರಿಲೊ ಎಂದರೆ ಪೆಪ್ಪರ್‌ನ ಹುಳುಕು ಹಲ್ಲು ಕೀಳಿಸಿದ ಊರು. ಸುಪೀರಿಯರ್ ಸರೋವರದ ದಡದ ಡುಲೂತ್ ಬಗ್ಗೆ ಮಾತ್ರ ಇನ್ನೂ ಒಮ್ಮತವಿಲ್ಲ. ಪಕ್ಕದ ಟ್ರೇಲರ್‌ನವರ ಮೇಜಿನಿಂದ ಹ್ಯಾಂಕ್ ಇಡೀ ಹೊಗೆಮೀನನ್ನು ಹಾರಿಸಿಕೊಂಡು ಬಂದದ್ದು ಅಲ್ಲಿ. ಬೆಲೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ ಎನ್ನುತ್ತಾರೆ ಮೇಷ್ಟ್ರು. ತೆಗೆದುಕೊಂಡರು, ಮರುದಿನ ಆ ಹಣದಲ್ಲೇ ಇನ್ನೊಂದು ಮೀನು ತಂದು ಎಲ್ಲರನ್ನೂ ಊಟಕ್ಕೆ ಕರೆದರು, ಹ್ಯಾಂಕ್‌ಗೂ ಒಂದು ತಟ್ಟೆ ಇಟ್ಟಿದ್ದರು ಎನ್ನುತ್ತಾರೆ ಹೆಂಡತಿ. ಬೇಕಾದರೆ ಆ ಮನೆಯವರಿಗೇ ಫೋನ್ ಮಾಡಿ ಕೇಳೋಣವೆಂದು ನೋಟ್‌ಬುಕ್ ಹುಡುಕಲು ಎದ್ದುಹೋಗುತ್ತಾರೆ.